ಉಬ್ಬರವಿಳಿತದ ವೇಳಾಪಟ್ಟಿ: ಮುಂಬಯಿ ಕರಾವಳಿಯಲ್ಲಿ ಚಳಿಗಾಲದ ಒಂದು ದಿನದ ಪಕ್ಷಿವೀಕ್ಷಣೆ

ಮುಂಬಯಿಯಲ್ಲಿ ದೀರ್ಘಕಾಲದಿಂದ ನೆಲೆಸಿರುವ ಕನ್ನಡಿಗರಿಗೆ ಠಾಣೆ ಖಾಡಿಯ ರಾಜಹಂಸಗಳು ಅಪರಿಚಿತವಲ್ಲ. ಚಳಿಗಾಲದಲ್ಲಿ ಹಾರ್ಬರ್ ಮಾರ್ಗದ ಗಾಡಿ ವಾಶಿಯ ಸೇತುವೆಯನ್ನು ದಾಟುವಾಗ ಕಿಟಕಿಯ ಪಕ್ಕದಲ್ಲಿ ಕುಳಿತವರು ದೂರದ ಕೆಸರಿನ ಮೇಲೆ ಎಳೆದ ನಸುಗೆಂಪು ಗೆರೆಯೊಂದನ್ನು ಕಂಡಿರುತ್ತಾರೆ. ಅದು ಗೆರೆಯಲ್ಲ, ಸಾವಿರಾರು ಹಕ್ಕಿಗಳ ಸಾಲು ಎಂಬುದೂ ಹಲವರಿಗೆ ತಿಳಿದಿದೆ. ಆದರೆ ಬೆಳಗ್ಗೆ ಕಂಡ ಸಾಲು ಮಧ್ಯಾಹ್ನ ಏಕೆ ಮಾಯವಾಗುತ್ತದೆ, ಕಚ್ಛದ ರಣದಿಂದಲೂ ಸೈಬೀರಿಯದಿಂದಲೂ ಹಾರಿ ಬರುವ ಹಕ್ಕಿಗಳಿಗೆ ಮಹಾನಗರದ ಈ ಕಪ್ಪು ಕೆಸರೇ ಏಕೆ ಬೇಕು ಎಂಬ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಈ ಪ್ರಶ್ನೆಗಳಿಗೆ ಉತ್ತರ ತಿಳಿದರೆ ಒಂದು ದಿನದ ಪಕ್ಷಿವೀಕ್ಷಣೆಯನ್ನು ಹೇಗೆ ಯೋಜಿಸಬೇಕೆಂಬುದು ತಿಳಿಯುತ್ತದೆ. ಈ ಹಕ್ಕಿಗಳಿಗೆ ಒದಗಿರುವ ಸಂಕಟದ ಸ್ವರೂಪವೂ ಸ್ಪಷ್ಟವಾಗುತ್ತದೆ. 2024ರ ಜನವರಿ 28ರ ಭಾನುವಾರ ನಾವು ನಾಲ್ಕೈದು ಕುಟುಂಬಗಳವರು ಕೂಡಿ ಕೈಗೊಂಡ ಒಂದು ದಿನದ ಸಂಚಾರವನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ಕೆಲವು ವಿವರಗಳನ್ನು ನೀಡಿದ್ದೇವೆ.

ಕೆಸರೆಂಬ ಊಟದ ಎಲೆ

ಠಾಣೆ ಖಾಡಿಯು ಸುಮಾರು 26 ಕಿಲೋಮೀಟರ್ ಉದ್ದದ ಸಮುದ್ರದ ಚಾಚು. ಪಶ್ಚಿಮಕ್ಕೆ ಶಿವಡಿ, ವಿಕ್ರೋಳಿ, ಭಾಂಡುಪ್, ಮುಲುಂಡ್. ಪೂರ್ವಕ್ಕೆ ವಾಶಿ, ಐರೋಲಿ. ಎರಡೂ ದಡಗಳಲ್ಲಿ ಕಾಂಡ್ಲಾ ಗಿಡಗಳ ದಟ್ಟವಾದ ಅಂಚು. ಕಾಂಡ್ಲಾ ಎಂದರೆ ಉಪ್ಪುನೀರಿನಲ್ಲಿ ಉಸಿರುಬೇರುಗಳನ್ನು ಮೇಲಕ್ಕೆತ್ತಿ ನಿಲ್ಲುವ ಮ್ಯಾಂಗ್ರೋವ್. ಕುಂದಾಪುರ, ಹೊನ್ನಾವರದ ಕಡೆಯವರಿಗೆ ಈ ಹೆಸರನ್ನು ವಿವರಿಸಬೇಕಾದ ಅಗತ್ಯವಿಲ್ಲ. ಕಾಂಡ್ಲಾದ ಅಂಚು ಮುಗಿದ ಮೇಲೆ, ನೀರು ಇಳಿದಾಗ ಮಾತ್ರ ತೋರುವ ಬಯಲೊಂದಿದೆ. ಅದೇ ಕೆಸರುಬಯಲು.

ನೋಡುವವರ ಕಣ್ಣಿಗೆ ಅದು ಬರಡು. ಆದರೆ ಅದರೊಳಗೆ ಹುಳುಗಳು, ಸಣ್ಣ ಏಡಿಗಳು, ಸೀಗಡಿಯ ಮರಿಗಳು, ಚಿಪ್ಪುಜೀವಿಗಳು ತುಂಬಿರುತ್ತವೆ. ಕೆಸರಿನ ಮೇಲ್ಪದರದಲ್ಲಿ ಬರಿಗಣ್ಣಿಗೆ ಕಾಣದ ಪಾಚಿ ಬೆಳೆಯುತ್ತದೆ. ದಿನಕ್ಕೆರಡು ಬಾರಿ ಸಮುದ್ರವು ಈ ಬಯಲಿಗೆ ಹೊಸ ನೀರನ್ನು ತಂದು ಹಾಯಿಸುತ್ತದೆ. ಉಳುವವರಿಲ್ಲದ, ಬಿತ್ತುವವರಿಲ್ಲದ ಈ ಹೊಲದ ಫಸಲನ್ನು ಉಣ್ಣಲು ಬರುವ ಹಕ್ಕಿಗಳು ತಮ್ಮತಮ್ಮೊಳಗೆ ಮಾಡಿಕೊಂಡಿರುವ ಹಂಚಿಕೆ ಸೋಜಿಗದ್ದು. ಗಿಡ್ಡ ಕೊಕ್ಕಿನ ಪ್ಲೋವರ್ ಹಕ್ಕಿ ನಾಲ್ಕು ಹೆಜ್ಜೆ ಓಡಿ, ನಿಂತು, ಕಣ್ಣಿಗೆ ಬಿದ್ದುದನ್ನು ಮೇಲಿನಿಂದಲೇ ಹೆಕ್ಕುತ್ತದೆ. ಗೊರವಗಳು ಕೆಸರಿನ ಮೇಲ್ಪದರಕ್ಕೆ ಕೊಕ್ಕು ಚುಚ್ಚುತ್ತವೆ. ಗಾಡ್ವಿಟ್ ಎಂಬ ನೀಳಕೊಕ್ಕಿನ ಹಕ್ಕಿ ಕೊಕ್ಕನ್ನು ಬುಡದವರೆಗೂ ಇಳಿಸಿ, ಅದರ ತುದಿಯ ಸ್ಪರ್ಶದಿಂದಲೇ ಹುಳುವನ್ನು ಗುರುತಿಸಿ, ಕೆಸರಿನೊಳಗೇ ತುದಿಯನ್ನಷ್ಟೇ ತೆರೆದು ಹಿಡಿಯಬಲ್ಲದು. ಕುಡುಗೋಲಿನಂತೆ ಬಾಗಿದ ಕೊಕ್ಕಿನ ಕರ್ಲ್ಯೂ ಏಡಿಯ ಬಿಲದೊಳಕ್ಕೇ ಕೈಹಾಕುತ್ತದೆ. ಒಂದೇ ಎಲೆಯಲ್ಲಿ ಕುಳಿತರೂ ಒಬ್ಬರ ಕೋಸಂಬರಿಗೆ ಇನ್ನೊಬ್ಬರು ಕೈ ಚಾಚದ ಪಂಕ್ತಿಭೋಜನವಿದು.

ಇವುಗಳಲ್ಲಿ ಬಹುಪಾಲು ದೂರದ ಅತಿಥಿಗಳು. ಲಿಟಲ್ ಸ್ಟಿಂಟ್ ಎಂಬ ಹಕ್ಕಿಯ ತೂಕ ಇಪ್ಪತ್ತರಿಂದ ಮೂವತ್ತು ಗ್ರಾಂ. ಸಾದಾ ಅಂಚೆಯ ಲಕೋಟೆಗೆ ಮೊದಲ ದರದಲ್ಲಿ ಅನುಮತಿಯಿರುವ ತೂಕ 20 ಗ್ರಾಂ ಎಂಬುದನ್ನು ನೆನೆದರೆ ಅದರ ಗಾತ್ರ ಮನಸ್ಸಿಗೆ ಬರುತ್ತದೆ. ಇಷ್ಟೇ ಇಷ್ಟಿರುವ ಹಕ್ಕಿ ಉತ್ತರಧ್ರುವದ ಸಮೀಪದ ಹಿಮಬಯಲಿನಲ್ಲಿ ಮರಿಮಾಡಿ, ಚಳಿಗಾಲಕ್ಕೆ ನಮ್ಮ ಕರಾವಳಿಗೆ ಬರುತ್ತದೆ. ಗಾಡ್ವಿಟ್ ಕುಲದ ಹಾರುವ ಶಕ್ತಿ ಎಷ್ಟೆಂಬುದಕ್ಕೆ ದಾಖಲೆಯೇ ಇದೆ. 2022ರ ಅಕ್ಟೋಬರ್‌ನಲ್ಲಿ ಅಲಾಸ್ಕಾದಿಂದ ಹೊರಟ ಒಂದು ಎಳೆಯ ಹಕ್ಕಿ, ನಡುವೆ ಎಲ್ಲಿಯೂ ಇಳಿಯದೆ, ಸುಮಾರು 13,560 ಕಿಲೋಮೀಟರ್ ಹಾರಿ ಹನ್ನೊಂದು ದಿನಗಳಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯವನ್ನು ತಲುಪಿತು. ನಮ್ಮಲ್ಲಿಗೆ ಬರುವ ಅದರ ದಾಯಾದಿಗಳ ದಾರಿ ಇಷ್ಟು ದೂರದ್ದಲ್ಲವಾದರೂ ಕಡಮೆಯದೇನೂ ಅಲ್ಲ.

ಇಂತಹ ಪ್ರಯಾಣಕ್ಕೆ ಬೇಕಾದ ಇಂಧನವೆಂದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು. ಹೊರಡುವ ಮುನ್ನ ಈ ಜಾತಿಯ ಕೆಲವು ಹಕ್ಕಿಗಳ ತೂಕ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ನವೆಂಬರ್‌ನಿಂದ ಯುಗಾದಿಯವರೆಗಿನ ಕಾಲ ಈ ಹಕ್ಕಿಗಳಿಗೆ ಠೇವಣಿಯ ಕಾಲ. ಕೆಸರಿನಲ್ಲಿ ಕಳೆಯುವ ಪ್ರತಿ ಗಂಟೆಯೂ ಜಮಾ. ಬೆದರಿ ಎದ್ದು ಹಾರಿದ ಪ್ರತಿ ಬಾರಿಯೂ ಖರ್ಚು.

ಪಂಚಾಂಗದಲ್ಲಿ ಸಮುದ್ರದ ವೇಳೆ

ಪಕ್ಷಿವೀಕ್ಷಣೆಗೆ ಮುಂಜಾನೆಯೇ ಪ್ರಶಸ್ತವೆಂಬ ಮಾತು ಕಾಡಿಗೆ ಸಲ್ಲುತ್ತದೆ, ಕರಾವಳಿಗೆ ಪೂರ್ತಿಯಾಗಿ ಸಲ್ಲದು. ಇಲ್ಲಿ ಹಕ್ಕಿಗಳ ದಿನಚರಿಯನ್ನು ನಿರ್ಧರಿಸುವುದು ಸೂರ್ಯನಲ್ಲ, ಚಂದ್ರ. ಒಂದು ಉಬ್ಬರದಿಂದ ಮತ್ತೊಂದು ಉಬ್ಬರಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಆದುದರಿಂದ ದಿನದಿಂದ ದಿನಕ್ಕೆ ಅದರ ವೇಳೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ನೀರು ಇಳಿದಾಗ ಹಕ್ಕಿಗಳು ಕೆಸರಿನಲ್ಲಿ ಉಣ್ಣುತ್ತವೆ. ನೀರು ಏರಿ ಕೆಸರು ಮುಳುಗಿದಾಗ ಬೇರೆಡೆ ಹೋಗಿ ವಿಶ್ರಮಿಸುತ್ತವೆ. ರಾತ್ರಿ ಹಗಲೆಂಬ ಭೇದ ಈ ಕ್ರಮಕ್ಕೆ ಅಷ್ಟಾಗಿ ಇಲ್ಲ.

ಉಬ್ಬರದ ವೇಳೆಯನ್ನು ತಿಳಿಯಲು ಈಗ ಮೊಬೈಲಿನಲ್ಲಿ ಪಟ್ಟಿಗಳು ಸಿಗುತ್ತವೆ. ಆದರೆ ಕೊಂಕಣ ತೀರದ ಮೀನುಗಾರರು ಬಳಸುವ ಹಳೆಯ ಲೆಕ್ಕವೊಂದಿದೆ. ಮನೆಯಲ್ಲಿ ಪಂಚಾಂಗವಿರುವ ಯಾರೂ ಅದನ್ನು ಮಾಡಬಹುದು. ಆ ದಿನದ ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿದರೆ ಮುಂಬಯಿಯಲ್ಲಿ ಉಬ್ಬರದ ಗಂಟೆ ದೊರೆಯುತ್ತದೆ. ಅಷ್ಟಮಿಯಾದರೆ ಎಂಟರ ಮುಕ್ಕಾಲು ಆರು. ಬೆಳಗ್ಗೆ ಆರು ಮತ್ತು ಸಂಜೆ ಆರರ ಸುಮಾರಿಗೆ ಉಬ್ಬರ, ನಡುಹಗಲಿಗೆ ಇಳಿತ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಹದಿನೈದರ ಮುಕ್ಕಾಲು ಹನ್ನೊಂದೂಕಾಲು. ಅರ್ಧ ಗಂಟೆ ಆಚೀಚೆ ಆಗುವುದುಂಟು. ಖಾಡಿಯ ಒಳಭಾಗಕ್ಕೆ ನೀರು ತಲುಪಲು ಇನ್ನೂ ಕೆಲವು ಹೊತ್ತು ಬೇಕು. ಹುಣ್ಣಿಮೆ, ಅಮಾವಾಸ್ಯೆಗಳ ಸಮೀಪದ ದಿನಗಳಲ್ಲಿ ಏರಿಳಿತ ದೊಡ್ಡದಾಗಿರುವುದರಿಂದ ಕೆಸರು ವಿಶಾಲವಾಗಿ ತೆರೆದುಕೊಳ್ಳುತ್ತದೆ.

ನಾವು ಹೊರಟ ಭಾನುವಾರ ಪುಷ್ಯ ಬಹುಳ ತದಿಗೆ. ಮೂರರ ಮುಕ್ಕಾಲು ಎರಡೂಕಾಲು. ಅಂದರೆ ಮಧ್ಯಾಹ್ನ ಎರಡರ ಸುಮಾರಿಗೆ ಉಬ್ಬರ, ಬೆಳಗ್ಗೆ ಎಂಟರ ಸುಮಾರಿಗೆ ಇಳಿತ. ಬೆಳಗಿನ ಇಳಿತಕ್ಕೆ ಶಿವಡಿ, ಮಧ್ಯಾಹ್ನದ ಉಬ್ಬರಕ್ಕೆ ನವಿ ಮುಂಬಯಿಯ ಸೀವುಡ್ಸ್ ಎಂದು ನಿಶ್ಚಯಿಸಿದೆವು. ಎರಡೂ ಹಾರ್ಬರ್ ಮಾರ್ಗದ ನಿಲ್ದಾಣಗಳಾದುದರಿಂದ ಲೋಕಲ್ ಗಾಡಿಯೇ ಸಾಕು. ಆದರೆ ಭಾನುವಾರದ ಮೆಗಾ ಬ್ಲಾಕ್ ಎಂಬ ಇನ್ನೊಂದು ಏರಿಳಿತವನ್ನೂ ಮುಂಬಯಿಯವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು!

ಬೆಳಗ್ಗೆ: ಶಿವಡಿಯ ಕೆಸರುಬಯಲು

ಶಿವಡಿಯ ಕೋಟೆ 1680ರಲ್ಲಿ ಬ್ರಿಟಿಷರು ಕಾವಲಿಗಾಗಿ ಕಟ್ಟಿದ್ದು. ಶತ್ರುಗಳ ಹಡಗನ್ನು ದೂರದಿಂದಲೇ ಕಾಣಲು ಆರಿಸಿದ ದಿಬ್ಬವು ಇಂದು ಹಕ್ಕಿಗಳನ್ನು ಕಾಣಲು ಅನುಕೂಲವಾಗಿದೆ. ಎಂಟರ ಹೊತ್ತಿಗೆ ನಾವು ಮೇಲೆ ನಿಂತಾಗ ನೀರು ಬಹಳ ಹಿಂದೆ ಸರಿದಿತ್ತು. ಹಕ್ಕಿಗಳು ದೂರದಲ್ಲಿ ಚುಕ್ಕೆಗಳಂತೆ ಹರಡಿದ್ದವು. ಹೊಸಬರು ಇಂತಹ ಸಮಯದಲ್ಲಿ ನಿರಾಶರಾಗಿ ಹಿಂದಿರುಗುವುದುಂಟು. ಕಾಯುವವರಿಗೆ ಫಲವಿದೆ. ಒಂಬತ್ತರ ಮೇಲೆ ನೀರು ಏರತೊಡಗಿತು. ತೆರೆದ ಕೆಸರು ಕಿರಿದಾದಂತೆ ಅದರ ಅಂಚಿನಲ್ಲೇ ಮೇಯುತ್ತಿದ್ದ ಹಕ್ಕಿಗಳು ಹೆಜ್ಜೆಹೆಜ್ಜೆಗೂ ನಮ್ಮತ್ತ ಸರಿದು ಬಂದವು. ಹತ್ತರ ವೇಳೆಗೆ ಸಾಧಾರಣ ದುರ್ಬೀನಿನಲ್ಲಿಯೂ ಕೊಕ್ಕುಗಳ ಆಕಾರ ತಿಳಿಯುವಷ್ಟು ಹತ್ತಿರವಾದವು.

ಆ ಬೆಳಗ್ಗೆ ಅಲ್ಲಿ ಗಾಡ್ವಿಟ್‌ಗಳಿದ್ದವು, ಕರ್ಲ್ಯೂಗಳಿದ್ದವು, ಎಣಿಸಲಾರದಷ್ಟು ಪ್ಲೋವರ್‌ಗಳಿದ್ದವು. ಬೂದುಬಣ್ಣದ ಕಡಲ ಬಕವೊಂದು ರೆಕ್ಕೆಯನ್ನು ಕೊಡೆಯಂತೆ ಬಿಚ್ಚಿ ನೀರಿಗೆ ನೆರಳು ಮಾಡಿ ಮೀನು ಹಿಡಿಯುತ್ತಿತ್ತು. ಮೆಟ್ಟುಗಾಲು ಹಕ್ಕಿಗಳು ಕೆಂಪು ಕೋಲುಗಳ ಮೇಲೆ ನಡೆವ ಜಾತ್ರೆಯ ವೇಷದವರಂತೆ ಅಡ್ಡಾಡುತ್ತಿದ್ದವು. ರಾಜಹಂಸಗಳು ನೂರಿನ ಲೆಕ್ಕದಲ್ಲಿ ಮಾತ್ರ ಇದ್ದವು. ಇವೆಲ್ಲದರ ಹಿಂದೆ ಅದೇ ಜನವರಿ 12ರಂದು ಉದ್ಘಾಟನೆಯಾಗಿದ್ದ ಅಟಲ್ ಸೇತು ಚಾಚಿಕೊಂಡಿತ್ತು. ಒಟ್ಟು 21.8 ಕಿಲೋಮೀಟರ್ ಉದ್ದದ ಈ ಸೇತುವೆಯ ಸುಮಾರು 16.5 ಕಿಲೋಮೀಟರ್ ಸಮುದ್ರದ ಮೇಲಿದ್ದು, ಅದು ಆರಂಭವಾಗುವುದು ಇದೇ ಶಿವಡಿಯಲ್ಲಿ.

ನೀರಿನಿಂದ ಆಹಾರವನ್ನು ಬೇರ್ಪಡಿಸುವ ಹಂಸ

ಫ್ಲೆಮಿಂಗೊ ಹಕ್ಕಿಗೆ ಕನ್ನಡದ ಪಕ್ಷಿಗ್ರಂಥಗಳಲ್ಲಿ ರಾಜಹಂಸವೆಂಬ ಹೆಸರು ನೆಲೆಗೊಂಡಿದೆ. ಕಾವ್ಯದ ಹಂಸವೇ ಬೇರೆ. ಆದರೂ ಹಾಲನ್ನೂ ನೀರನ್ನೂ ಬೇರ್ಪಡಿಸುವ ಗುಣವನ್ನು ನಮ್ಮವರು ಹಂಸಕ್ಕೆ ಆರೋಪಿಸಿದ್ದನ್ನು ನೆನೆದರೆ ಈ ಹೆಸರು ಆಕಸ್ಮಿಕವಾಗಿಯಾದರೂ ಸಾರ್ಥಕವೆನಿಸುತ್ತದೆ. ರಾಜಹಂಸವು ತಲೆಯನ್ನು ತಲೆಕೆಳಗಾಗಿ ನೀರಿಗಿಳಿಸುತ್ತದೆ. ದಪ್ಪನೆಯ ನಾಲಗೆ ಪಂಪಿನಂತೆ ಹಿಂದುಮುಂದಕ್ಕೆ ಆಡಿ ನೀರನ್ನು ಎಳೆದು ಹೊರಚೆಲ್ಲುತ್ತದೆ. ಕೊಕ್ಕಿನ ಒಳಂಚಿನಲ್ಲಿ ಜರಡಿಯಂತಹ ಸೂಕ್ಷ್ಮ ಪದರಗಳಿದ್ದು ಆಹಾರವು ಅಲ್ಲಿಯೇ ಉಳಿಯುತ್ತದೆ.

ನಮ್ಮಲ್ಲಿಗೆ ಬರುವುದು ಎರಡು ಜಾತಿ. ದೊಡ್ಡ ರಾಜಹಂಸವು ನಾಲ್ಕಡಿಗೂ ಮೀರಿದ ಎತ್ತರದ್ದು; ಮೈ ಬಿಳುಪು, ಕೊಕ್ಕು ನಸುಗೆಂಪು, ತುದಿ ಕಪ್ಪು. ಸಣ್ಣ ಸೀಗಡಿ, ಹುಳುಗಳು ಇದರ ಆಹಾರ. ಚಿಕ್ಕ ರಾಜಹಂಸವು ಮೂರಡಿಯಷ್ಟಿದ್ದು ಮೈಬಣ್ಣ ಹೆಚ್ಚು ಗಾಢ, ಕೊಕ್ಕು ಕಡುಗೆಂಪು. ಇದರ ಜರಡಿ ಇನ್ನೂ ಸಣ್ಣ ಕಣ್ಣಿನದು; ಸೂಕ್ಷ್ಮವಾದ ಪಾಚಿಯೇ ಇದರ ಮುಖ್ಯ ಆಹಾರ. ಎರಡರ ಕೆಂಪೂ ಹುಟ್ಟಿನಿಂದ ಬಂದುದಲ್ಲ, ಉಂಡುದರಿಂದ ಬಂದದ್ದು. ಪಾಚಿಯಲ್ಲಿಯೂ ಅದನ್ನು ತಿಂದ ಸೀಗಡಿಯಲ್ಲಿಯೂ ಇರುವ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯ ಗರಿಗಳಿಗೆ ಸೇರುತ್ತದೆ. ಮರಿಗಳು ಬೂದುಬಣ್ಣದವು; ಕೆಂಪು ಬರಲು ಕೆಲವು ವರ್ಷಗಳು ಬೇಕು.

ಠಾಣೆ ಖಾಡಿಯಲ್ಲಿ ರಾಜಹಂಸಗಳು ದೊಡ್ಡ ಸಂಖ್ಯೆಯಲ್ಲಿ ಕಾಣತೊಡಗಿದ್ದು 1990ರ ದಶಕದಲ್ಲಿ. ಕೆಲವು ವರ್ಷಗಳಲ್ಲಿ ಅವುಗಳ ಎಣಿಕೆ ಲಕ್ಷವನ್ನು ದಾಟಿದ್ದುಂಟು. ನಗರದ ಚರಂಡಿಯ ನೀರು ಖಾಡಿಗೆ ಸೇರಿ ಪಾಚಿಗೆ ಗೊಬ್ಬರವಾದುದೂ ಇದಕ್ಕೆ ಒಂದು ಕಾರಣವೆಂದು ಪಕ್ಷಿತಜ್ಞರು ಹೇಳುತ್ತಾರೆ. ಹಾಗೆಂದು ಹೊಲಸು ಹಕ್ಕಿಗಳಿಗೆ ಹಿತವೆಂದು ಭಾವಿಸಬಾರದು. ಅದೇ ನೀರಿನಲ್ಲಿ ಕಾರ್ಖಾನೆಗಳ ವಿಷವೂ ಬರುತ್ತದೆ. ಗುಜರಾತಿನ ಕಚ್ಛದ ರಣ ಇವುಗಳ ಮುಖ್ಯ ಸಂತಾನಸ್ಥಾನ. 2022ರ ಜನವರಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಇಲ್ಲಿಯ ಆರು ರಾಜಹಂಸಗಳಿಗೆ ಉಪಗ್ರಹ ಸಂಪರ್ಕದ ಯಂತ್ರವನ್ನು ತೊಡಿಸಿ ಅವುಗಳ ಹಾದಿಯನ್ನು ಗುರುತಿಸಿದರು. ಅವುಗಳಲ್ಲೊಂದಕ್ಕೆ ಸಲೀಂ ಎಂಬ ಹೆಸರು.

ಅದು ಮುಂಬಯಿಯಲ್ಲಿ ಹುಟ್ಟಿ ಬೆಳೆದ ಪಕ್ಷಿವಿಜ್ಞಾನಿ ಡಾ. ಸಲೀಂ ಅಲಿ (1896–1987) ಅವರ ನೆನಪಿನ ಹೆಸರು. ಕನ್ನಡಿಗರಿಗೂ ಅವರ ಋಣವಿದೆ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದವರು ಅವರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗಲು ಪ್ರೇರಣೆ ನೀಡಿದವರೂ ಅವರೇ. ಅವರು ದುಡಿದ ಆ ಸೊಸೈಟಿ 1883ರಲ್ಲಿ ಸ್ಥಾಪನೆಯಾದುದು. ಕೋಟೆ ಭಾಗದ ಬ್ಯಾಂಕು, ಕಚೇರಿಗಳಲ್ಲಿ ದುಡಿದ ನಮ್ಮ ಎಷ್ಟೋ ಮಂದಿ ಅದರ ಕಚೇರಿಯಾದ ಹಾರ್ನ್‌ಬಿಲ್ ಹೌಸ್‌ನ ಮುಂದೆ ಹಾದು ಹೋಗಿಯೂ ಒಳಗೆ ಇಣುಕಿರಲಾರರು.

ಮಧ್ಯಾಹ್ನ: ಉಬ್ಬರದ ಬಿಡಾರ

ಮೆಗಾ ಬ್ಲಾಕಿಗೆ ಮುನ್ನವೇ ಗಾಡಿ ಹಿಡಿದು ನಾವು ಹನ್ನೆರಡರ ಒಳಗೆ ಸೀವುಡ್ಸ್ ತಲುಪಿದೆವು. ನೆರೂಳ್ ಹಾಗೂ ಸೀವುಡ್ಸ್ ಭಾಗದಲ್ಲಿ ಪಾಮ್ ಬೀಚ್ ರಸ್ತೆಯ ಆಚೆಗೆ, ವಸತಿ ಸಮುಚ್ಚಯಗಳ ಬೆನ್ನಿಗೆ ಅಂಟಿಕೊಂಡಂತೆ ಕೆಲವು ಜೌಗು ಕೆರೆಗಳಿವೆ. ನೀರು ಮೊಣಕಾಲಿಗಿಂತ ಆಳವಿರದ ಇವುಗಳ ಮಹತ್ವ ತಿಳಿಯುವುದು ಉಬ್ಬರದ ವೇಳೆಯಲ್ಲಿ ಮಾತ್ರ.

ಒಂದರ ಸುಮಾರಿಗೆ ಖಾಡಿಯ ಕಡೆಯಿಂದ ಮೊದಲ ಗುಂಪು ಬಂತು. ಕತ್ತನ್ನು ಮುಂದಕ್ಕೂ ಕಾಲನ್ನು ಹಿಂದಕ್ಕೂ ಸಮವಾಗಿ ಚಾಚಿ ಹಾರುವ ರಾಜಹಂಸದ ರೆಕ್ಕೆಯ ಒಳಗೆಂಪು ಮತ್ತು ಅಂಚಿನ ಕಪ್ಪು ಹಾರುವಾಗಲಷ್ಟೇ ಪೂರ್ಣವಾಗಿ ಕಾಣುತ್ತದೆ. ಹಿಂದೆಯೇ ಇನ್ನೊಂದು ಗುಂಪು, ಮತ್ತೊಂದು. ಎರಡರ ವೇಳೆಗೆ ಕೆರೆಯ ನಡುಭಾಗ ಕೆಂಪಾಯಿತು. ಗಾಡ್ವಿಟ್‌ಗಳು ಒತ್ತೊತ್ತಾಗಿ ಒಂಟಿಗಾಲಿನಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ ನಿದ್ರಿಸಿದವು. ಬಣ್ಣದ ಕೊಕ್ಕರೆಗಳು, ಬೆಳ್ಳಕ್ಕಿಗಳು, ಬಾತುಗಳು ಅಂಚಿನಲ್ಲಿದ್ದವು. ಮೇಲೊಂದು ಜೌಗು ಗಿಡುಗ ಸುಳಿದಾಗ ಇಡೀ ಬಿಡಾರ ಒಮ್ಮೆಲೇ ಎದ್ದು, ಎರಡು ಸುತ್ತು ಹಾಕಿ, ಮತ್ತೆ ಅಲ್ಲಿಯೇ ಇಳಿಯಿತು. ನಾಲ್ಕೂವರೆಯ ಮೇಲೆ ಖಾಡಿಯಲ್ಲಿ ಕೆಸರು ತೋರಿದ ಸುದ್ದಿ ಅವುಗಳಿಗೆ ಹೇಗೆ ತಲುಪಿತೋ! ಬಂದ ಕ್ರಮದಲ್ಲಿಯೇ, ಗುಂಪುಗುಂಪಾಗಿ ಹಿಂದಿರುಗಿದವು.

ಊಟದ ಮನೆಯೊಂದೇ ಸಾಲದು

ಈ ಒಂದು ದಿನದ ಹೋಗಿಬರುವಿಕೆಯಲ್ಲಿಯೇ ಇಡೀ ವಿಷಯದ ಸಾರವಿದೆ. ಕರಾವಳಿಯ ಹಕ್ಕಿಗೆ ಬೇಕಾದದ್ದು ಒಂದು ಸ್ಥಳವಲ್ಲ, ಎರಡು: ಇಳಿತದಲ್ಲಿ ಉಣ್ಣಲು ಕೆಸರು, ಉಬ್ಬರದಲ್ಲಿ ನಿಲ್ಲಲು ತೆರೆದ, ಆಳವಿಲ್ಲದ ನೀರು. ಎರಡೂ ಹತ್ತಿರಹತ್ತಿರ ಇರಬೇಕು. ದಿನಕ್ಕೆರಡು ಬಾರಿ ದೂರದ ಬಿಡಾರಕ್ಕೆ ಹಾರಬೇಕಾದರೆ ಉಂಡದ್ದು ಹಾದಿಯಲ್ಲೇ ಕರಗುತ್ತದೆ.

ಕಾನೂನಿನ ರಕ್ಷಣೆ ಹೆಚ್ಚಾಗಿ ದೊರೆತಿರುವುದು ಇವುಗಳಲ್ಲಿ ಮೊದಲನೆಯದಕ್ಕೆ. 2015ರಲ್ಲಿ ಖಾಡಿಯ 1,690 ಹೆಕ್ಟೇರ್ ಪ್ರದೇಶ ರಾಜಹಂಸಗಳ ಅಭಯಾರಣ್ಯವಾಯಿತು. 2022ರ ಆಗಸ್ಟ್‌ನಲ್ಲಿ ಠಾಣೆ ಖಾಡಿಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸರ್ ಮನ್ನಣೆ ದೊರೆಯಿತು. ಕಾಂಡ್ಲಾ ವನಗಳ ನಾಶವು ನಾಗರಿಕರ ಮೂಲಭೂತ ಹಕ್ಕಿಗೇ ವಿರುದ್ಧವೆಂದು ಮುಂಬಯಿ ಉಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿತು. ಇವೆಲ್ಲವೂ ಅಭಿನಂದನೀಯ. ಆದರೆ ಉಬ್ಬರದ ಬಿಡಾರಗಳು ಬಹುಮಟ್ಟಿಗೆ ಅಭಯಾರಣ್ಯದ ಗೆರೆಯ ಹೊರಗಿವೆ. ನೆರೂಳಿನ ಸುಮಾರು 30 ಎಕರೆಯ ಕೆರೆಯೊಂದಕ್ಕೆ ಖಾಡಿಯ ನೀರು ಬರುವ ದಾರಿಗಳು ಮುಚ್ಚಿಹೋಗಿ ಅದು ಒಣಗತೊಡಗಿತ್ತು. 2024ರ ಬೇಸಗೆಯಲ್ಲಿ ಆ ಸುತ್ತಿನಲ್ಲಿ ಹಲವು ರಾಜಹಂಸಗಳು ಸತ್ತು ಬಿದ್ದವು. ಸ್ಥಳೀಯ ನಿವಾಸಿಗಳು ಪಟ್ಟುಹಿಡಿದು ಮನವಿ ಸಲ್ಲಿಸಿದ ಫಲವಾಗಿ, 2025ರ ಏಪ್ರಿಲ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಆ ಕೆರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಒಪ್ಪಿಗೆ ನೀಡಿತು.

2024ರ ಮೇ 20ರ ರಾತ್ರಿ ಘಾಟ್ಕೋಪರ್‌ನ ಮೇಲೆ, ಇಳಿಯಲು ಬರುತ್ತಿದ್ದ ವಿಮಾನವೊಂದಕ್ಕೆ ರಾಜಹಂಸಗಳ ಹಿಂಡು ಸಿಲುಕಿ 39 ಹಕ್ಕಿಗಳು ಸತ್ತವು. ಆ ರಾತ್ರಿ ಅವು ಅಲ್ಲಿ ಹಾರಿದ್ದೇಕೆಂಬುದಕ್ಕೆ ಹಲವು ವಾದಗಳು ಬಂದವು. ಆದರೆ ಬಿಡಾರಗಳು ಕಡಮೆಯಾದಷ್ಟೂ ಹಕ್ಕಿಗಳ ಅಲೆದಾಟ ಹೆಚ್ಚುವುದೆಂಬುದು ನಿರ್ವಿವಾದ. 2025ರ ಅಕ್ಟೋಬರ್‌ನಲ್ಲಿ ನವಿ ಮುಂಬಯಿಯ ವಿಮಾನ ನಿಲ್ದಾಣವೂ ಉದ್ಘಾಟನೆಗೊಂಡಿರುವುದರಿಂದ ಇದು ಹಕ್ಕಿಗಳ ಪ್ರಶ್ನೆ ಮಾತ್ರವಲ್ಲ, ಪ್ರಯಾಣಿಕರ ಕ್ಷೇಮದ ಪ್ರಶ್ನೆಯೂ ಹೌದು. ಹಕ್ಕಿಗಳಿಗೆ ತಮ್ಮ ಕೆರೆಗಳು ಉಳಿದರೆ ಅವು ಎಲ್ಲಿರುತ್ತವೆಂಬುದು ನಮಗೆ ಗೊತ್ತಿರುತ್ತದೆ. ಕೆರೆ ಹೋದರೆ ಅದು ಯಾರಿಗೂ ತಿಳಿಯದು.

ಮುಲುಂಡ್, ಭಾಂಡುಪ್, ಕಾಂಜೂರ್‌ಮಾರ್ಗ್‌ಗಳ ಉಪ್ಪಿನಾಗರಗಳ ವಿಚಾರವೂ ಇಂತಹುದೇ. ಉಪ್ಪಿನಾಗರದ ಮಡಿಗಳಲ್ಲಿ ನೀರು ಆಳವಿರದು, ಸುತ್ತಲೂ ತೆರೆದ ನೋಟ. ಉಬ್ಬರದ ಬಿಡಾರಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಧಾರಾವಿ ಪುನರ್ವಸತಿಯ ವಸತಿಗಾಗಿ ಸುಮಾರು 256 ಎಕರೆ ಉಪ್ಪಿನಾಗರದ ಭೂಮಿಯನ್ನು ಬಳಸಲು 2024ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ನಿರ್ಣಯಿಸಿತು. ಬಡವರಿಗೆ ಸೂರು ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಗೃಹಸಾಲದ ಅರ್ಜಿಗಳನ್ನು ದಶಕಗಳ ಕಾಲ ನೋಡಿದ ನಮಗೆ ಈ ನಗರದಲ್ಲಿ ಒಂದು ಖೋಲಿಯ ಬೆಲೆ ಏನೆಂಬುದು ತಿಳಿದಿದೆ. ಆದರೆ ಮಳೆಗಾಲದಲ್ಲಿ ನಗರದ ನೀರನ್ನೂ ಉಬ್ಬರದ ನೀರನ್ನೂ ತಡೆದು ಹಿಡಿಯುವ ತಗ್ಗು ಪ್ರದೇಶಗಳೂ ಇವೇ ಎಂಬುದನ್ನು ಲೆಕ್ಕದಲ್ಲಿ ಬರೆಯದೆ ಬಿಟ್ಟರೆ ಆ ಲೆಕ್ಕ ತಾಳೆಯಾಗದು.

ಅಘನಾಶಿನಿಯ ಕಡೆಗೊಂದು ನೋಟ

ನಾವು ಶಿವಡಿಯಲ್ಲಿ ನಿಂತ ಮೂರು ದಿನಗಳ ತರುವಾಯ, 2024ರ ಜನವರಿ 31ರಂದು, ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯು ರಾಮ್ಸರ್ ಪಟ್ಟಿಗೆ ಸೇರಿದ ವಾರ್ತೆ ಬಂತು. ಅಣೆಕಟ್ಟಿಲ್ಲದೆ ಕಡಲು ಸೇರುವ ಈ ನದಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಜನ ಬಳಚು ಆರಿಸುತ್ತಾರೆ. ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಬಲ್ಲ ಕಗ್ಗ ಭತ್ತವನ್ನು ಬೆಳೆಯುತ್ತಾರೆ. ಸಾಣಿಕಟ್ಟೆಯಲ್ಲಿ ಉಪ್ಪು ತೆಗೆಯುತ್ತಾರೆ. ಕೆಸರು, ಕಾಂಡ್ಲಾ, ಉಪ್ಪಿನಾಗರ ಮೂರೂ ಅಲ್ಲಿ ಒತ್ತಟ್ಟಿಗೆ ಉಳಿದಿವೆ. ಠಾಣೆ ಖಾಡಿಯ ದಡ ಒಂದು ಕಾಲದಲ್ಲಿ ಹೇಗಿದ್ದಿರಬಹುದೆಂಬುದನ್ನು ಊಹಿಸಲು ಅಘನಾಶಿನಿಯನ್ನು ನೋಡಿದರೆ ಸಾಕು. ರಜೆಯಲ್ಲಿ ಊರಿಗೆ ಹೋಗುವ ಕುಮಟಾ, ಅಂಕೋಲಾ, ಹೊನ್ನಾವರದ ಕುಟುಂಬಗಳು ಮಕ್ಕಳಿಗೆ ಇದನ್ನೊಮ್ಮೆ ತೋರಿಸುವುದೊಳಿತು.

ಹೋಗುವವರಿಗೆ ಕೆಲವು ಸೂಚನೆಗಳು

ನವೆಂಬರ್‌ನಿಂದ ಮಾರ್ಚ್‌ವರೆಗೆ ವಲಸೆ ಗೊರವಗಳಿಗೆ ಒಳ್ಳೆಯ ಕಾಲ. ರಾಜಹಂಸಗಳು ಮಳೆಗಾಲದ ಹೊಸ್ತಿಲವರೆಗೂ ಇರುತ್ತವೆ. ಉಬ್ಬರಕ್ಕೆ ಎರಡು ಗಂಟೆ ಮೊದಲು ಅಥವಾ ಅನಂತರದ ಹೊತ್ತು ದಡದಿಂದ ನೋಡಲು ಅನುಕೂಲ. ದೋಣಿಯಲ್ಲಿ ಕುಳಿತು ನೋಡಬಯಸುವವರು ಅರಣ್ಯ ಇಲಾಖೆ ನಡೆಸುವ ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಲ್ಲಿ ಮೊದಲೇ ವಿಚಾರಿಸಬೇಕು. ಅಲ್ಲಿ ದೋಣಿ ಹೊರಡುವ ವೇಳೆಯೂ ಉಬ್ಬರವನ್ನನುಸರಿಸಿ ದಿನದಿನವೂ ಬದಲಾಗುತ್ತದೆ. ಎಂಟರಷ್ಟು ದೊಡ್ಡದಾಗಿಸುವ ದುರ್ಬೀನು, ಟೊಪ್ಪಿಗೆ, ನೀರು, ಬುತ್ತಿ ಇಷ್ಟಿದ್ದರೆ ಸಾಕು. ಕನ್ನಡದಲ್ಲಿಯೇ ಹೆಸರುಗಳನ್ನು ತಿಳಿಯಬಯಸುವವರು ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕವನ್ನು ಜೊತೆಗಿಟ್ಟುಕೊಳ್ಳಬಹುದು.

ಕೆಸರಿಗೆ ಇಳಿಯಬಾರದು, ಅದು ಅಪಾಯಕರ. ಹಕ್ಕಿಗಳು ಏಳಲೆಂದು ಕೂಗುವುದು, ಚಪ್ಪಾಳೆ ತಟ್ಟುವುದು, ಡ್ರೋನ್ ಹಾರಿಸುವುದು ಅವುಗಳ ಠೇವಣಿಯನ್ನು ನಾವು ಹಿಂದೆಗೆದಂತೆ. ಕಡಲ ಹಕ್ಕಿಗಳಿಗೆ ಶೇವ್, ಗಾಠಿಯಾ ಎಸೆಯುವ ಪದ್ಧತಿಯನ್ನೂ ಬಿಡಬೇಕು. ಮೀನು ತಿನ್ನುವ ಹಕ್ಕಿಗೆ ಎಣ್ಣೆಯಲ್ಲಿ ಕರಿದ ಹಿಟ್ಟು ಪುಣ್ಯದ ಊಟವಲ್ಲ.

ಎಣಿಸುವ ಕೆಲಸ

ಪ್ರತಿ ಜನವರಿಯಲ್ಲಿ ಏಷ್ಯಾದಾದ್ಯಂತ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಲ್ಲಿ ಆರಂಭವಾದ ಈ ಕಾರ್ಯ ಬಹುಪಾಲು ಸ್ವಯಂಸೇವಕರದು. ಹತ್ತು ಹಕ್ಕಿಗಳನ್ನು ಎಣಿಸಿ, ಆ ಹತ್ತು ಆಕ್ರಮಿಸುವ ಜಾಗವನ್ನು ಕಣ್ಣಳತೆಯಿಂದ ಹಿಡಿದು, ಹತ್ತು ಹತ್ತಾಗಿ ನೂರು, ನೂರು ನೂರಾಗಿ ಸಾವಿರ ಎಂದು ಮುಂದುವರಿಯುವುದು ಇಲ್ಲಿಯ ಕ್ರಮ. ನೋಟಿನ ಕಟ್ಟುಗಳನ್ನು ಎಣಿಸಿ ಆಯುಷ್ಯ ಕಳೆದ ನಮ್ಮಂಥವರಿಗೆ ಇದು ಕಷ್ಟವೆನಿಸಲಿಲ್ಲ. ಮಕ್ಕಳಂತೂ ನಮಗಿಂತ ಬೇಗ ಕಲಿತರು. ಈ ಬೈರ್ಡ್ ಎಂಬ ಜಾಲತಾಣದಲ್ಲಿ ವರ್ಷದ ಯಾವ ದಿನ ಕಂಡ ಹಕ್ಕಿಗಳನ್ನಾದರೂ ದಿನಾಂಕ, ಸ್ಥಳ, ಸಂಖ್ಯೆಗಳೊಡನೆ ದಾಖಲಿಸಬಹುದು.

ಇದು ಬರಿಯ ಹವ್ಯಾಸವಲ್ಲ. ಒಂದು ಕೆರೆಯ ಭವಿಷ್ಯವನ್ನು ನಿರ್ಧರಿಸುವ ಕಡತದಲ್ಲಿ ಅದರ ಸರ್ವೆ ನಂಬರು, ವಿಸ್ತೀರ್ಣ, ಬೆಲೆ ಎಲ್ಲವೂ ಬರೆದಿರುತ್ತವೆ. ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ಎಷ್ಟು ಹಕ್ಕಿಗಳು ನಿಂತಿದ್ದವೆಂಬುದು ಮಾತ್ರ ಬರೆದಿರುವುದಿಲ್ಲ. ಬೆಳಗ್ಗೆ ಹತ್ತಕ್ಕೆ ಪರಿಶೀಲನೆಗೆ ಹೋದ ಅಧಿಕಾರಿಗೆ ಕೆರೆ ಬರಿದಾಗಿ ಕಂಡರೆ ಅದು ಅವರ ತಪ್ಪಲ್ಲ. ಅಂದಿನ ತಿಥಿ ಅಂತಹುದು. ಬೇರೆ ವೇಳೆಯಲ್ಲಿ ಅಲ್ಲಿ ನಿಂತು ಎಣಿಸಿದವರ ಅಂಕಿಗಳು ಇದ್ದರೆ ಮಾತ್ರ ಆ ಕೊರತೆ ತುಂಬುತ್ತದೆ. ನಮ್ಮ ಓದುಗರಲ್ಲಿ ವಾಶಿ, ನೆರೂಳ್, ಐರೋಲಿ, ಮುಲುಂಡ್, ಭಾಂಡುಪ್‌ಗಳಲ್ಲಿ ವಾಸಿಸುವವರು ಅನೇಕರಿದ್ದಾರೆ. ಅವರ ಮನೆಯಿಂದ ಅರ್ಧ ಗಂಟೆಯೊಳಗಿನ ದಾರಿಯಲ್ಲಿ ಇಂತಹದೊಂದು ಬಿಡಾರವಿರಬಹುದು. ಮುಂದಿನ ಚಳಿಗಾಲದಲ್ಲಿ ಪಂಚಾಂಗ ನೋಡಿ, ತಿಥಿಯ ಮುಕ್ಕಾಲು ಲೆಕ್ಕ ಹಾಕಿ, ಒಂದು ವಹಿ ಮತ್ತು ಪೆನ್ಸಿಲಿನೊಡನೆ ಅಲ್ಲಿಗೆ ಹೋಗಬೇಕೆಂದು ಅವರೆಲ್ಲರಲ್ಲಿ ನಮ್ಮ ವಿನಂತಿ.